ಕಾವಲಿನಿಂದ ಕೆರೆಯವರೆಗೆ ಹೂವಿನ ಬದು

ಕುಂಬಳದ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುತ್ತಿದ್ದಂತೆ, ಹೆಚ್ಚೆಂದರೆ ಹತ್ತು ಗಂಟೆಯ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಅಷ್ಟರೊಳಗೆ ಗಂಡುಹೂವಿನ ಪರಾಗವನ್ನು ಯಾವುದಾದರೂ ಹುಳು ತಂದು ಹೆಣ್ಣುಹೂವಿಗೆ ಮುಟ್ಟಿಸದಿದ್ದರೆ, ಹೂವಿನ ಬುಡದಲ್ಲಿರುವ ನಿಂಬೆ ಗಾತ್ರದ ಹೀಚು ಕೆಲವೇ ದಿನಗಳಲ್ಲಿ ಹಳದಿಗೆ ತಿರುಗಿ ಉದುರುತ್ತದೆ. 2019ರ ಶ್ರಾವಣದಲ್ಲಿ, ನಮ್ಮ ತೆಂಗಿನ ತೋಟಕ್ಕೆ ಹೊಂದಿಕೊಂಡ ಅರ್ಧ ಎಕರೆಯಲ್ಲಿ ನಾನು ಹಾಕಿದ್ದ ಕುಂಬಳದ ಬಳ್ಳಿಗಳ ಕೆಳಗಿನಿಂದ ಹೀಗೆ ಉದುರಿದ ಹೀಚುಗಳನ್ನು ಒಂದು ಬೆಳಿಗ್ಗೆ ಬುಟ್ಟಿಗೆ ಆರಿಸಿಕೊಂಡು ಎಣಿಸಿದೆ, 117 ಇದ್ದವು. ಬಳ್ಳಿ ಸೊಂಪಾಗಿತ್ತು, ಎಲೆಗೆ ರೋಗವಿರಲಿಲ್ಲ, ನೀರಿಗೂ ಕೊರತೆಯಿರಲಿಲ್ಲ. ಗೊಬ್ಬರದ ಅಂಗಡಿಯವರು ಬೋರಾನ್ ಕೊರತೆಯಿರಬೇಕೆಂದು ಒಂದು ಪುಡಿ ಕೊಟ್ಟಿದ್ದರು; ಅದನ್ನು ಸಿಂಪಡಿಸಿದ ಮೇಲೂ ಹೀಚು ನಿಲ್ಲಲಿಲ್ಲ.

ಮೂವತ್ತೊಂದು ವರ್ಷ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿ, ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವಿನ ನಮ್ಮ ಊರಿಗೆ ಮರಳಿ ಬಂದು ಆಗ ಒಂದು ವರ್ಷವಾಗಿತ್ತು. ಪರಾಗಸ್ಪರ್ಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಹೂವಿನ ಭಾಗಗಳಿಗೆಲ್ಲ ಮಕ್ಕಳಿಂದ ಹೆಸರು ಬರೆಸುತ್ತಿದ್ದ ನಾನು ಹೂವಿಗೆ ಬರುವ ಹುಳುವಿಗೆ ಹೆಸರು ಬರೆಸಿದವಳಲ್ಲ. ಒಂದು ಬಾಣ ಎಳೆದು 'ಕೀಟ' ಎಂದು ಬರೆದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಆ ವರ್ಷ ಉಳಿದ ಬಳ್ಳಿಗಳಿಗೆ ನಾನೇ ಆ ಕೀಟದ ಕೆಲಸ ಮಾಡಿದೆ. ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಗಂಡುಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಒಳಗಿನ ಪರಾಗದ ದಂಟನ್ನು ಹೆಣ್ಣುಹೂವಿನ ನಡುವಿಗೆ ಮೆಲ್ಲಗೆ ಸವರುತ್ತಾ ಹೋದೆ. ಸವರಿದ ಹೂವುಗಳಲ್ಲಿ ಮುಕ್ಕಾಲು ಪಾಲು ಕಾಯಿ ಹಿಡಿದವು. ಗೊಬ್ಬರದ ಕೊರತೆಯಲ್ಲ, ಹುಳುವಿನ ಕೊರತೆ ಎಂಬುದು ಆಗ ಖಚಿತವಾಯಿತು.

ಹುಳು ಎಂದೊಡನೆ ನನಗೆ ಹೊಳೆದದ್ದು ಜೇನುಪೆಟ್ಟಿಗೆ. ಮಲೆನಾಡಿನ ಕಡೆಯ ಒಬ್ಬ ಅನುಭವಿ ಜೇನುಕೃಷಿಕರಿಂದ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ಎರಡು ಕುಟುಂಬಗಳನ್ನು ತರಿಸಿ, ತೋಟದ ನೆರಳಿನಲ್ಲಿ, ಇರುವೆ ಏರದಂತೆ ನೀರಿನ ಬಟ್ಟಲುಗಳ ಮೇಲೆ ನಿಲ್ಲಿಸಿದೆ. ದೀಪಾವಳಿಯವರೆಗೆ ಚೆನ್ನಾಗಿಯೇ ಇದ್ದವು. ಸಂಕ್ರಾಂತಿ ಕಳೆದ ಮೇಲೆ ಓಡಾಟ ಕಡಿಮೆಯಾಗುತ್ತಾ ಬಂದು, ಶಿವರಾತ್ರಿಯ ಹೊತ್ತಿಗೆ ಒಂದು ಪೆಟ್ಟಿಗೆ ಖಾಲಿಯಾಗಿತ್ತು; ಇನ್ನೊಂದರಲ್ಲಿ ಮೇಣದ ಹುಳು ಬಲೆ ಕಟ್ಟಿತ್ತು. ಫೋನಿನಲ್ಲಿ ಹೇಳಿಕೊಂಡಾಗ ಅವರು ಬೇಸರಪಡಲಿಲ್ಲ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆ ಕುಟುಂಬಗಳನ್ನು ಸಾಲುಸಾಲಾಗಿ ಮುಗಿಸಿದ ಕಾಲವನ್ನು ಕಂಡವರು ಅವರು. ಎರಡು ಪೆಟ್ಟಿಗೆ ಹೋದದ್ದು ಅವರಿಗೆ ದೊಡ್ಡ ಸುದ್ದಿಯಾಗಿರಲಿಲ್ಲ. "ಪೆಟ್ಟಿಗೆ ಇಟ್ಟರಾಯಿತೇ ತಾಯಿ, ಅವಕ್ಕೆ ಉಣ್ಣಲಿಕ್ಕೆ ಏನಿಟ್ಟಿದ್ದೀರಿ?" ಎಂದಷ್ಟೇ ಕೇಳಿದರು.

ಆ ಮಾತಿನ ಮೇಲೆ ಮುಂದಿನ ವರ್ಷ ನಾನು ಮಾಡಿದ್ದು ಎರಡನೆಯ ತಪ್ಪು. ಪೇಟೆಯಿಂದ ಹೂವಿನ ಬೀಜದ ಪೊಟ್ಟಣಗಳನ್ನು ತಂದು ಮನೆಯ ಮುಂದೆ ಹತ್ತು ಅಡಿ ಅಗಲದ ಮಡಿ ಮಾಡಿ ಕಾಸ್ಮಾಸ್, ಜಿನಿಯಾ, ಹೈಬ್ರಿಡ್ ಚೆಂಡುಹೂವು ಬೆಳೆಸಿದೆ. ನೋಡಲು ಸೊಗಸಾಗಿತ್ತು. ಹಾದುಹೋಗುವವರು ನಿಂತು ಫೋಟೊ ತೆಗೆದುಕೊಂಡರು. ಒತ್ತೊತ್ತು ದಳದ ಚೆಂಡುಹೂವಿನೊಳಗೆ ಹುಳು ಬಾಯಿ ಹಾಕಲು ಎಡೆಯೇ ಇರುವುದಿಲ್ಲ. ಕಾಸ್ಮಾಸಿಗೆ ಜೇನು ಬಂದರೂ, ಅಲ್ಲಿಂದ ಕುಂಬಳದ ಹೊಲದವರೆಗಿನ 200 ಮೀಟರು ಟ್ರ್ಯಾಕ್ಟರ್ ಉಳುಮೆಯ ಬೋಳು ನೆಲವಾಗಿತ್ತು. ಹೂವಿನ ಮಡಿ ಒಂದು ನಡುಗಡ್ಡೆಯಾಗಿ ನಿಂತಿತು.

ಅದೇ ವರ್ಷ, 2020ರಲ್ಲಿ, ಲಾಕ್‌ಡೌನಿನಿಂದಾಗಿ ಎಲ್ಲಿಗೂ ಹೋಗುವಂತಿರಲಿಲ್ಲ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಹೂವಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು ನೋಟುಪುಸ್ತಕದಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಮೊದಲು ನನಗೆ ಗೊತ್ತಿದ್ದವು ನಾಲ್ಕೇ: ಹೆಜ್ಜೇನು, ತುಡುವೆ, ಕಡ್ಡಿಜೇನು ಮತ್ತು ಕುಟುಕದ ನಸರಿ ಜೇನು, ಕರಾವಳಿಯವರು ಮುಜಂಟಿ ಎನ್ನುವುದು. ನಮ್ಮ ದೇಶದಲ್ಲಿ 700ಕ್ಕೂ ಹೆಚ್ಚು ಬಗೆಯ ಜೇನ್ನೊಣಗಳಿವೆಯೆಂದೂ, ಅವುಗಳಲ್ಲಿ ಬಹುಪಾಲು ಗುಂಪಾಗಿ ಬಾಳದೆ, ಜೇನು ಕೂಡಿಡದೆ, ಒಂದೊಂದು ಹೆಣ್ಣು ತಾನೇ ಗೂಡು ಮಾಡಿ ತಾನೇ ಮರಿಗಳಿಗೆ ಬುತ್ತಿ ಕಟ್ಟಿಡುವ ಒಂಟಿಜೇನುಗಳೆಂದೂ ಪುಸ್ತಕದಲ್ಲಿ ಓದಿದ್ದೆನೇ ಹೊರತು, ಅವು ನಮ್ಮ ಬದನೆಗಿಡದ ಮೇಲೆ ದಿನವೂ ಬಂದು ಹೋಗುತ್ತವೆಂದು ತಿಳಿದಿರಲಿಲ್ಲ.

ಬದನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬದನೆ, ಟೊಮೆಟೊ ಹೂವುಗಳ ಪರಾಗ ಹೊರಗೆ ಹರಡಿಕೊಂಡಿರುವುದಿಲ್ಲ. ಉಪ್ಪಿನ ಡಬ್ಬಿಯ ಮುಚ್ಚಳದಲ್ಲಿರುವಂಥ ಸಣ್ಣ ರಂಧ್ರವಿರುವ ಕೊಳವೆಯೊಳಗೆ ಇರುತ್ತದೆ. ತುಡುವೆಗಾಗಲಿ ಹೆಜ್ಜೇನಿಗಾಗಲಿ ಅದನ್ನು ಉದುರಿಸಲು ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಒಂಟಿಜೇನು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಎದೆಯ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. 'ಜುಯ್' ಎಂಬ ಸದ್ದಿನೊಂದಿಗೆ ಪರಾಗ ಪುಡಿಯಾಗಿ ಸುರಿಯುತ್ತದೆ. ಕರಿಯ ದುಂಬಿಗೂ ಈ ವಿದ್ಯೆ ಗೊತ್ತು. ಬದುವಿನ ಮೇಲೆ ಬೆಳೆಯುವ ತಂಗಡಿ ಗಿಡದ ಹೂವಿನ ರಚನೆಯೂ ಇದೇ ಬಗೆಯದು. ಹಳೆಯ ಪೆಟ್ಟಿಗೆಯಲ್ಲಿದ್ದ ಶ್ರುತಿಕವಲನ್ನು, ಅಂದರೆ ಬಡಿದರೆ ಅದುರಿ ಸ್ವರ ಹೊರಡಿಸುವ ಟ್ಯೂನಿಂಗ್ ಫೋರ್ಕನ್ನು, ಹುಡುಕಿ ತೆಗೆದು, ಬಡಿದು, ಬದನೆ ಹೂವಿಗೆ ಮುಟ್ಟಿಸಿ ನೋಡಿದೆ. ಕೆಳಗೆ ಹಿಡಿದಿದ್ದ ಕರಿಯ ಕಾಗದದ ಮೇಲೆ ಹಳದಿ ಪುಡಿ ಬಿತ್ತು. ಈ ಪ್ರಯೋಗವನ್ನು ತರಗತಿಯಲ್ಲಿ ಒಮ್ಮೆಯೂ ಮಾಡಿ ತೋರಿಸಲಿಲ್ಲವಲ್ಲ ಎಂಬ ಕೊರಗು ನನಗೆ ಈಗಲೂ ಇದೆ. ಮುಂದೆ ರೈತರ ಮನೆಯ ಜಗಲಿಗಳಲ್ಲಿ ಅದನ್ನು ಎಷ್ಟೋ ಸಲ ಮಾಡಿ ತೋರಿಸಬೇಕಾಗಿ ಬಂತು, ಮತ್ತು ನನ್ನ ಯಾವ ಮಾತಿಗಿಂತಲೂ ಅದೇ ಹೆಚ್ಚು ಕೆಲಸ ಮಾಡಿತು.

ಈ ನೀಲಿ ಪಟ್ಟೆಯ ಜೇನು ಎಲ್ಲಿ ವಾಸಿಸುತ್ತದೆಂದು ಹುಡುಕುತ್ತಾ ಹೋದಾಗ ಬದುವಿನ ಮಹತ್ವ ಅರ್ಥವಾಯಿತು. ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವಿನ ಕೆಮ್ಮಣ್ಣಿನ ಬದುವಿನ ಪೂರ್ವದ ಮೈಯಲ್ಲಿ, ಹುಲ್ಲು ವಿರಳವಾಗಿದ್ದ ಕಡೆ, ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು ಹತ್ತಿಪ್ಪತ್ತು ಇದ್ದವು. ಅದುವರೆಗೆ ಅವನ್ನು ಇರುವೆಯ ಗೂಡೆಂದು ತಿಳಿದಿದ್ದೆ. ಒಂಟಿಜೇನುಗಳಲ್ಲಿ ಹೆಚ್ಚಿನವು ನೆಲದಲ್ಲೇ ಗೂಡು ತೋಡುತ್ತವೆ. ರೆಕ್ಕೆ ಬಂದ ಜೇನು ಬದುಕುವುದು ಕೆಲವೇ ವಾರ. ವರ್ಷದ ಉಳಿದ ಭಾಗವೆಲ್ಲ ಮುಂದಿನ ಪೀಳಿಗೆ ಮೊಟ್ಟೆಯಾಗಿ, ಮರಿಯಾಗಿ ಮಣ್ಣಿನೊಳಗೆ ಅಡಗಿರುತ್ತದೆ. ಅಂದರೆ ವರ್ಷಕ್ಕೆರಡು ಬಾರಿ ರೋಟವೇಟರ್ ಹೊಡೆಯುವ ಹೊಲದಲ್ಲಿ ಅವು ಉಳಿಯಲಾರವು. ಉಳುಮೆಗೆ ಸಿಗದ ಬದು, ಹಳ್ಳದ ದಡ, ಬಂಡಿದಾರಿಯ ಅಂಚುಗಳೇ ಅವುಗಳ ಊರು. ಎಲೆಯನ್ನು ದುಂಡಗೆ ಕತ್ತರಿಸಿ ಒಯ್ದು ಬಿದಿರಿನ ತೂತಿನಲ್ಲಿ ಸುರುಳಿ ಮಾಡಿ ಇಡುವ ಜೇನು ಬೇರೆ, ಒಣ ಕತ್ತಾಳೆಯ ಬೊಂಬನ್ನು ಕೊರೆದು ಸಂಸಾರ ಹೂಡುವ ದುಂಬಿ ಬೇರೆ. ಮಣ್ಣಿನ ಗೋಡೆಯ ಬಿರುಕುಗಳಲ್ಲಿ ನೆಲೆಸುತ್ತಿದ್ದ ನಸರಿ ಜೇನು, ಮನೆಗಳೆಲ್ಲ ಸಿಮೆಂಟಿನವಾದ ಮೇಲೆ ಊರೊಳಗೆ ಕಡಿಮೆಯಾಯಿತು. ನಾನೂ ಊರಿಗೆ ಬಂದ ಹೊಸತರಲ್ಲಿ ಅಪ್ಪನ ಕಾಲದ ಗೋಡೆಗೆ ಗಾರೆ ಮಾಡಿಸಿದವಳೇ.

ಸಣ್ಣ ಒಂಟಿಜೇನುಗಳು ಗೂಡಿನಿಂದ ಹಾರಿ ಹೋಗಿ ಬರುವುದು ಕೆಲವು ನೂರು ಮೀಟರುಗಳಷ್ಟೇ. ತುಡುವೆಯಾದರೆ ಒಂದೆರಡು ಕಿಲೋಮೀಟರ್ ಹೋದೀತು. ಹೀಗಾಗಿ ಒಂದು ಹೊಲದಲ್ಲಿ ಎಷ್ಟೇ ಹೂ ಬೆಳೆಸಿದರೂ ಅದರಿಂದ ಮುಂದಿನ ಹೂವಿನ ಜಾಗಕ್ಕೆ ದಾರಿಯಿಲ್ಲದಿದ್ದರೆ, ಒಂದು ಬರಗಾಲಕ್ಕೋ ಒಂದು ಬೆಂಕಿಗೋ ಅಲ್ಲಿನ ಸಂತತಿ ಅಳಿದಾಗ ತುಂಬಿಕೊಡಲು ಬೇರೆಡೆಯಿಂದ ಹುಳು ಬರಲಾರದು. ಇದನ್ನು ತಿಳಿದ ಮೇಲೆ ನಾನು ಗಿಡ ನೆಡುವುದನ್ನು ನಿಲ್ಲಿಸಿ ಗ್ರಾಮನಕ್ಷೆಯನ್ನು ತರಿಸಿಕೊಂಡೆ.

ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಕಂಡದ್ದು ಇದು. ಆಗ್ನೇಯಕ್ಕೆ ಕಾವಲು, ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳಲ್ಲೊಂದು, ಈಗ ಅಂಚುಗಳಲ್ಲಿ ಸಾಕಷ್ಟು ಸವೆದಿದ್ದರೂ ಇನ್ನೂ ಹುಲ್ಲುಗಾವಲೇ. ಮಳೆ ಬಿದ್ದ ಮೇಲೆ ಅಲ್ಲಿ ಕರಡದ ಹುಲ್ಲಿನ ನಡುವೆ ವಿಷ್ಣುಕ್ರಾಂತಿ, ತುಂಬೆ, ನೆಗ್ಗಿಲು, ಗೊರಟೆ ಒಂದಾದ ಮೇಲೊಂದು ಹೂ ಬಿಡುತ್ತವೆ. ವಾಯವ್ಯಕ್ಕೆ ಕೆರೆ, ಏರಿಯ ಕೆಳಗೆ ಹೊಂಗೆ, ಹುಣಸೆ, ಇಪ್ಪೆಗಳ ಹಳೆಯ ಗುಂಡುತೋಪು. ಎರಡರ ನಡುವೆ ಒಂದೂವರೆ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಕಾವಲಿನ ಕಡೆಯಿಂದ ಕೆರೆಗೆ ನೀರು ತರುವ ಒಂದು ಹಳ್ಳ, ಅದಕ್ಕೆ ಹೊಂದಿಕೊಂಡು ಒಂದು ಬಂಡಿದಾರಿ. ಎರಡೂ ದಾಖಲೆಯಲ್ಲಿ ಖರಾಬು, ಸಾಗುವಳಿಗೆ ಸೇರದ ಜಾಗ. ಅಂದರೆ ನಾನು ಹೊಸದಾಗಿ ದಾರಿ ಮಾಡಬೇಕಾಗಿರಲಿಲ್ಲ. ದಾರಿ ಮೊದಲೇ ಇತ್ತು, ನಡುನಡುವೆ ಹರಿದಿತ್ತು. ಕೊಡೆ ಹಿಡಿದು ಎರಡು ದಿನ ನಡೆದು ಗುರುತು ಹಾಕಿದಾಗ ಐದು ಕಡೆ ಕಡಿದು ಹೋಗಿರುವುದು ಕಂಡಿತು: ಎರಡು ಕಡೆ ಬಂಡಿದಾರಿ ಹೊಲದೊಳಗೆ ಸೇರಿಹೋಗಿತ್ತು, ಒಂದು ಕಡೆ ನೀಲಗಿರಿ ತೋಪು, ಒಂದು ಕಡೆ ವರ್ಷವರ್ಷವೂ ಕಳೆನಾಶಕ ಹೊಡೆದು ಕೆಂಪಾಗಿಸಿದ ದಂಡೆ, ಇನ್ನೊಂದು ಕಡೆ ಡಾಂಬರು ರಸ್ತೆ. ಈ ಐದು ಕಡೆಗಳಿಗೂ ಹೊಂದಿಕೊಂಡ ಹೊಲಗಳವರು ಒಟ್ಟು ಹನ್ನೊಂದು ಮನೆಯವರು.

ಮುಂದಿನ ಎರಡು ವರ್ಷ ನಡೆದದ್ದು ಹೆಚ್ಚಾಗಿ ಮಾತುಕತೆ. ಮೊದಲ ಆಕ್ಷೇಪ ಇಲಿಯದು. "ಬದೀನ ಹಂಗೇ ಬಿಟ್ರೆ ಹೆಗ್ಗಣ ಸೇರ್ಕೊಳ್ತವೆ ಟೀಚರಮ್ಮ, ಹಿಂದೇನೇ ಹಾವೂ ಬರ್ತದೆ" ಎಂದರು ಒಬ್ಬ ಹಿರಿಯರು. ಅದು ಸುಳ್ಳಲ್ಲ, ದಟ್ಟ ಪೊದೆ ಬೆಳೆದ ಬದುವಿನಲ್ಲಿ ಇಲಿ ಇರುತ್ತದೆ. ಎರಡನೆಯದು ಗಡಿಯದು, ಅದೇ ನಿಜವಾದ ಕಾರಣವೆಂದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಬದು ಇಬ್ಬರ ನಡುವಿನದು. ಗಿಡ ಬೆಳೆದು ಬಾಂದುಕಲ್ಲು ಮರೆಯಾದರೆ ಪಕ್ಕದವರು ನೇಗಿಲನ್ನು ಒಂದು ಗೇಣು ಒಳಗೆ ತಂದಾರು ಎಂಬ ಶಂಕೆ ಇಬ್ಬರಿಗೂ ಇರುತ್ತದೆ, ಆದ್ದರಿಂದ ಇಬ್ಬರೂ ಬದುವನ್ನು ಕೆರೆದು ಬೋಳಾಗಿಡುತ್ತಾರೆ. ನಾವು ಮಾಡಿದ್ದು ಬಹಳ ಸರಳ. ಎರಡೂ ಕಡೆಯವರನ್ನು ಕರೆದು ಅವರ ಎದುರಿಗೇ ಬಾಂದುಕಲ್ಲುಗಳ ಸುತ್ತ ಕಳೆ ತೆಗೆದು ಸುಣ್ಣ ಬಳಿದೆವು. ಪ್ರತಿ ವರ್ಷ ಯುಗಾದಿಗೆ ಮುಂಚೆ ಹೀಗೆ ಬಳಿಯುವುದೆಂದು ಒಪ್ಪಿಕೊಂಡೆವು. ಕಲ್ಲು ದೂರದಿಂದಲೇ ಬೆಳ್ಳಗೆ ಕಾಣಿಸತೊಡಗಿದ ಮೇಲೆ ಇಲಿಯ ಮಾತೂ ಅಷ್ಟಾಗಿ ಕೇಳಲಿಲ್ಲ.

ಇನ್ನೊಂದು ಆಕ್ಷೇಪಕ್ಕೆ ಉತ್ತರ ಕೊಡುವುದು ಸುಲಭವಿರಲಿಲ್ಲ. ಬದುವಿನಲ್ಲಿ ಕಳೆ ಕಂಡರೆ ಊರವರು ಆ ಮನೆಯವರನ್ನು ಸೋಮಾರಿಗಳೆನ್ನುತ್ತಾರೆ. ಒಬ್ಬ ತಾಯಿ, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, "ಹೊಲ ಬೀಳು ಬಿಟ್ಟವ್ರೆ ಅಂತಾರೆ ಕಣಕ್ಕ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಬದುವಿನ ಎರಡೂ ಅಂಚಿಗೆ ಕಲ್ಲುಗಳನ್ನು ಸಾಲಾಗಿ ಜೋಡಿಸಿ, ನಡುವಿನದನ್ನು ಮಾತ್ರ ಬೆಳೆಯಲು ಬಿಟ್ಟೆವು. ಬೇಕೆಂದೇ ಬಿಟ್ಟದ್ದು ಎಂಬುದು ನೋಡಿದವರಿಗೆ ಗೊತ್ತಾಗಬೇಕಿತ್ತು, ಅಷ್ಟೇ.

ಯಾವ ಗಿಡ ಬೇಕೆಂಬುದನ್ನು ತೀರ್ಮಾನಿಸಿದ್ದು ನಾನಲ್ಲ, ಆಡು ಮೇಯಿಸುವ ಒಬ್ಬ ಅಜ್ಜ. ನಾನು ಪಟ್ಟಿ ಮಾಡಿದ್ದ ಗಿಡಗಳಲ್ಲಿ ಅರ್ಧದಷ್ಟನ್ನು ಅವರ ಆಡುಗಳು ಒಂದೇ ಬೇಸಿಗೆಯಲ್ಲಿ ಮುಗಿಸಿದವು. ನಾನು ಸಿಟ್ಟಾಗಿ ಕೇಳಿದಾಗ ಅವರು ನಕ್ಕು, "ಲಕ್ಕಿ ಹಾಕು, ತಂಗಡಿ ಹಾಕು, ಎಕ್ಕ ತಾನೇ ಬರ್ತದೆ, ಇವನ್ನ ನಮ್ ಆಡು ಮೂಸಿ ನೋಡ್ತಾವೆ, ತಿನ್ನಾಕಿಲ್ಲ" ಎಂದರು. ಲಕ್ಕಿಯನ್ನು ಮುಂಗಾರಿನಲ್ಲಿ ಗೂಟ ನೆಟ್ಟರೆ ಚಿಗುರುತ್ತದೆ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಾಕಬೇಕು. ತುಂಬೆಗೆ ನೆಡುವ ಶ್ರಮವೇ ಇಲ್ಲ. ಒಣಗಿದ ತೆನೆಗಳನ್ನು ಕಾವಲಿನ ಅಂಚಿನಿಂದ ತಂದು ಬದುವಿನ ಮೇಲೆ ಕುಟ್ಟಿದರೆ ಸಾಕು. ಹೊಂಗೆ ಬೀಜವನ್ನು ಹಳ್ಳದ ದಡದಲ್ಲಿ ಮಾತ್ರ ಊರಿದೆವು, ಹೊಲಕ್ಕೆ ನೆರಳು ಬಿದ್ದರೆ ಜಗಳ ಬರುತ್ತದೆ. ಲಂಟಾನದ ಬಗ್ಗೆ ನಮ್ಮಲ್ಲೇ ಒಮ್ಮತವಿರಲಿಲ್ಲ. ಅದರ ಹೂವಿಗೆ ಚಿಟ್ಟೆಗಳು ಮುತ್ತುತ್ತವೆ ಎಂಬುದು ನಿಜ, ಆದರೆ ಅದು ನಿಂತ ಜಾಗದಲ್ಲಿ ತುಂಬೆಯೂ ಬೆಳೆಯದು, ತೂತು ತೋಡಲು ಬೋಳು ನೆಲವೂ ಉಳಿಯದು. ಒಂದೇ ಸಲಕ್ಕೆ ಕಿತ್ತು ಹಾಕದೆ, ಪಕ್ಕದಲ್ಲಿ ಲಕ್ಕಿ ಹೂ ಬಿಡಲು ತೊಡಗಿದ ಮೇಲೆ ಒಂದೊಂದು ಪೊದೆಯನ್ನೇ ತೆಗೆಯುತ್ತಾ ಬಂದೆವು.

ಹೆಂಗಸರು ಈ ಕೆಲಸಕ್ಕೆ ಸೇರಿಕೊಂಡದ್ದು ಅಕ್ಕಡಿ ಸಾಲಿನ ಮೂಲಕ. ನಮ್ಮ ಸೀಮೆಯಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವ ಪದ್ಧತಿ ಹಿಂದೆ ಇರಲಿಲ್ಲ. ಕೂರಿಗೆಯ ಹಿಂದೆ ಬೀಜ ಬಿಡುವ ಕೊಳವೆ, ಸಡ್ಡೆ, ಕಟ್ಟಿ, ಕೆಲವು ಸಾಲು ರಾಗಿಗೆ ಒಂದು ಸಾಲಿನಂತೆ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಬಿಡುತ್ತಿದ್ದರು. ದನ ಮುಟ್ಟದ ಹುಚ್ಚೆಳ್ಳು ಹೊಲದ ಸುತ್ತ ಬೇಲಿಯಂತೆಯೂ ಇರುತ್ತಿತ್ತು. ಬಿತ್ತನೆಗೆ ಟ್ರ್ಯಾಕ್ಟರ್, ಕೊಯ್ಲಿಗೆ ಯಂತ್ರ ಬಂದ ಮೇಲೆ ನಡುವಿನ ಸಾಲುಗಳು ಅಡ್ಡಿಯೆನಿಸಿ ಮಾಯವಾದವು. ರಾಗಿ ಹುಲ್ಲಿನ ಜಾತಿಯದು, ಜೇನಿಗೆ ಅದರಿಂದ ಹೆಚ್ಚೇನೂ ಇಲ್ಲ. ಹುಚ್ಚೆಳ್ಳಾದರೆ ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟದ ಗಿಡ. ಅದಕ್ಕೆ ಜೇನು ಬೇಕು, ಜೇನಿಗೆ ಅದು ಬೇಕು. ಅಕ್ಕಡಿ ಹೋದ ಮೇಲೆ ಚಿತ್ತೆ, ಸ್ವಾತಿ ಮಳೆಯ ಕಾಲದಲ್ಲಿ ಊರಿನ ಸುತ್ತ ನೂರಾರು ಎಕರೆ ಹಸಿರಿದ್ದರೂ ಹಳದಿ ಹೂ ಮಾತ್ರ ಇರಲಿಲ್ಲ.

ಇದನ್ನೆಲ್ಲ ವಿವರಿಸುವ ಮೊದಲೇ ಹೆಂಗಸರು ಚಟ್ನಿಪುಡಿಯ ಮಾತು ತೆಗೆದರು. ಅಂಗಡಿಯಿಂದ ಹುಚ್ಚೆಳ್ಳು ಕೊಂಡು ತರಬೇಕಾಗಿ ಬಂದದ್ದು ಅವರಿಗೆ ಅವಮಾನದಂತಿತ್ತು. ಪಕ್ಕದ ಊರಿನ ಸೋದರತ್ತೆಯ ಮನೆಯಿಂದ ಮೂರು ಸೇರು ಬೀಜ ತಂದು ಪಾವಿನ ಲೆಕ್ಕದಲ್ಲಿ ಹಂಚಿದೆ. ಯಂತ್ರಕ್ಕೆ ಅಡ್ಡಿಯಾಗದಂತೆ ನಡುವೆ ಬಿಟ್ಟು, ಬದುವಿನ ಪಕ್ಕಕ್ಕೆ ಮಾತ್ರ ಒಂದು ಸಾಲು ಹುಚ್ಚೆಳ್ಳು, ಅದರ ಒಳಗೆ ಒಂದು ಸಾಲು ತೊಗರಿ ಎಂದು ಗೊತ್ತುಮಾಡಿದೆವು. 2021ರ ಮುಂಗಾರಿನಲ್ಲಿ ನಾಲ್ಕು ಮನೆಯವರು ಹಾಕಿದರು. ಮರುವರ್ಷ ಎಂಟು. ತೊಗರಿ ಹೂವಿಗೆ ದುಂಬಿಯೂ ಎಲೆ ಕತ್ತರಿಸುವ ಜೇನೂ ಬರುತ್ತವೆಂದು ನಾನು ಓದಿದ್ದೆ. ಆ ವರ್ಷ ಕಾರ್ತಿಕದ ಒಂದು ಬೆಳಿಗ್ಗೆ ಅವೆರಡನ್ನೂ ಒಂದೇ ಗಿಡದಲ್ಲಿ ಕಂಡು, ಕರೆದು ತೋರಿಸಲು ಹತ್ತಿರದಲ್ಲಿ ಯಾರೂ ಇಲ್ಲದೆ ಒಬ್ಬಳೇ ನಿಂತು ನೋಡಿದೆ.

ಔಷಧಿ ಹೊಡೆಯುವ ಹೊತ್ತಿನ ಬಗ್ಗೆ ಆದ ಒಪ್ಪಂದವೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿರಬಹುದೆಂದು ನನ್ನ ಅನಿಸಿಕೆ. ಅವರೆ ಹೂ ಬಿಡುವಾಗ ಕಾಯಿಕೊರಕಕ್ಕೆಂದು ಬೆಳಿಗ್ಗೆ ಎಂಟು ಒಂಬತ್ತಕ್ಕೆ ಹೊಡೆಯುತ್ತಿದ್ದರು, ಜೇನುಗಳು ಹೂವಿನ ಮೇಲಿರುವ ಹೊತ್ತಿಗೆ ಸರಿಯಾಗಿ. ನಿಲ್ಲಿಸಿ ಎಂದರೆ ಯಾರೂ ಕೇಳುತ್ತಿರಲಿಲ್ಲ, ನಾನೂ ಹಾಗೆನ್ನಲಿಲ್ಲ. ಸಂಜೆ ಐದರ ಮೇಲೆ ಹೊಡೆಯಿರಿ, ಕಾಯಿಕೊರಕದ ಹುಳು ಚುರುಕಾಗುವುದೂ ಕತ್ತಲಾದ ಮೇಲೆಯೇ ಎಂದೆ. ಏಳು ಮನೆಯವರು ಒಪ್ಪಿದರು. ಬೀಜದ ವಿಷಯದಲ್ಲಿ ಮಾತ್ರ ನಾನು ನನ್ನ ಹೊಲಕ್ಕಷ್ಟೇ ನಿಯಮ ಮಾಡಿಕೊಂಡೆ. ಗುಲಾಬಿ ಬಣ್ಣ ಬಳಿದು ಬರುವ ಬೀಜಗಳ ಲೇಪನದಲ್ಲಿ ಹಲವು ಸಲ ಇಮಿಡಾಕ್ಲೋಪ್ರಿಡ್ ಜಾತಿಯ ಕೀಟನಾಶಕವಿರುತ್ತದೆ. ಅದು ಗಿಡದೊಳಗೆ ಹರಿದು ಪರಾಗ, ಮಕರಂದಗಳಿಗೂ ಸೇರುತ್ತದೆ. ಇದೇ ಕಾರಣಕ್ಕೆ ಯುರೋಪಿನ ಒಕ್ಕೂಟ 2018ರಲ್ಲಿ ಅದನ್ನೂ ಅದರ ಜೊತೆಯ ಇನ್ನೆರಡನ್ನೂ ಬಯಲಿನ ಬೆಳೆಗಳಿಗೆ ನಿಷೇಧಿಸಿತು. ಈಗ ಕುಂಬಳ, ಹೀರೆ ಎರಡಕ್ಕೂ ನಾನು ಮನೆಯಲ್ಲೇ ತೆಗೆದಿಟ್ಟ ಬೀಜ ಹಾಕುತ್ತೇನೆ.

ಎಲ್ಲವೂ ಹೀಗೆ ಕೂಡಿಬಂತೆಂದು ತಿಳಿಯಬಾರದು. 2022ರ ಬೇಸಿಗೆಯಲ್ಲಿ ಹಳ್ಳದ ಹೂಳೆತ್ತುವ ಕಾಮಗಾರಿ ಬಂತು. ಹೂಳು ತೆಗೆಯಲೇಬೇಕಿತ್ತು, ಆ ಬಗ್ಗೆ ತಕರಾರಿಲ್ಲ. ಆದರೆ ಜೆಸಿಬಿ ಬಂದವರು ಹಳ್ಳದ ಒಡಲನ್ನಷ್ಟೇ ಅಲ್ಲ, ಎರಡೂ ದಡಗಳನ್ನು ಬುಡಸಮೇತ ಕೆರೆದು, ಎರಡು ವರ್ಷದ ಲಕ್ಕಿ ಸಾಲನ್ನೂ ಗೂಡುಗಳಿದ್ದ ಕೆಮ್ಮಣ್ಣಿನ ದಂಡೆಯನ್ನೂ ಒಂದೇ ಮಧ್ಯಾಹ್ನದಲ್ಲಿ ಸಾಪಾಟು ಮಾಡಿದರು. ನಾನು ಮದುವೆಗೆಂದು ಹಾಸನಕ್ಕೆ ಹೋಗಿದ್ದೆ. ಮರಳಿ ಬಂದು ನೋಡಿದಾಗ ಸುಮಾರು 300 ಮೀಟರ್ ದಡ ಹೊಸದಾಗಿ ಕಟ್ಟಿದ ಕಾಲುವೆಯಂತೆ ಹೊಳೆಯುತ್ತಿತ್ತು. ಆಮೇಲೆ ಪಂಚಾಯಿತಿಗೆ ಅರ್ಜಿ ಕೊಟ್ಟೆ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲೆಲ್ಲ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಊರಿನ ಜೀವವೈವಿಧ್ಯದ ದಾಖಲಾತಿ ಪುಸ್ತಕವೂ ಇರಬೇಕು. ನಮ್ಮಲ್ಲಿಯೂ ಪುಸ್ತಕ ಇತ್ತು. ಬೀರುವಿನಿಂದ ಅದನ್ನು ಹೊರಗೆ ತೆಗೆಸಲು ಮೂರು ಸಲ ಹೋಗಬೇಕಾಯಿತು. ಮರಗಳು, ದನಗಳು, ಹಕ್ಕಿಗಳ ಪಟ್ಟಿ ಅದರಲ್ಲಿತ್ತು, ಒಂದು ಜೇನಿನ ಹೆಸರೂ ಇರಲಿಲ್ಲ. ಹಳ್ಳ, ಗುಂಡುತೋಪು, ಬಂಡಿದಾರಿಯ ದಂಡೆಗಳನ್ನು ಗೂಡಿನ ಜಾಗಗಳೆಂದು ನಕ್ಷೆಯೊಂದಿಗೆ ಅದಕ್ಕೆ ಸೇರಿಸಲಾಯಿತು. ಮುಂದಿನ ಸಲ ಹೂಳೆತ್ತುವಾಗ ಒಂದು ದಡವನ್ನು ಮುಟ್ಟದೆ ಬಿಡಬೇಕೆಂದು ನಡವಳಿಯಲ್ಲಿ ಬರೆಸಿದ್ದೇನೆ. ಯಂತ್ರ ಓಡಿಸುವ ಹುಡುಗ ನಡವಳಿ ಓದುವುದಿಲ್ಲವಾದ್ದರಿಂದ ಆ ದಡದ ಉದ್ದಕ್ಕೂ ಸುಣ್ಣ ಬಳಿದ ಕಲ್ಲು ನಿಲ್ಲಿಸಿದ್ದೇನೆ.

ಕೆರೆದ ದಡ ನಾನಂದುಕೊಂಡಷ್ಟು ಕೆಟ್ಟು ಹೋಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮರುವರ್ಷ ಆ ಬೋಳು ಮಣ್ಣಿನ ಬಿಸಿಲು ಬೀಳುವ ಮೈಯಲ್ಲೇ ಹೊಸ ತೂತುಗಳು ಎಲ್ಲಕ್ಕಿಂತ ಹೆಚ್ಚು ಕಂಡವು. ಹಸಿರು ಹೆಚ್ಚಾದಷ್ಟೂ ಒಳ್ಳೆಯದೆಂಬ ನನ್ನ ಲೆಕ್ಕ ಅಲ್ಲಿ ತಿದ್ದುಪಡಿಯಾಯಿತು. ಈಗ ಬದುವಿನಲ್ಲಿ ಅಲ್ಲಲ್ಲಿ ಒಂದು ಚಾಪೆಯಗಲ ನೆಲವನ್ನು ಬೇಕೆಂದೇ ಬೋಳಾಗಿಡುತ್ತೇವೆ. ಹುಲ್ಲು ಕೊಯ್ಯುವಾಗಲೂ ಬದುವಿನ ಒಂದು ಮಗ್ಗುಲನ್ನು ಈ ವರ್ಷ, ಇನ್ನೊಂದು ಮಗ್ಗುಲನ್ನು ಮುಂದಿನ ವರ್ಷ ಎಂದು ಸರದಿ ಮಾಡಿಕೊಂಡಿದ್ದೇವೆ. ಒಣದಂಟಿನೊಳಗೆ ಮರಿ ಮಾಡಿರುವವಕ್ಕೆ ಒಂದು ಮಗ್ಗುಲಾದರೂ ಉಳಿಯಬೇಕು.

ಸಂಕ್ರಾಂತಿಯಿಂದ ಯುಗಾದಿಯವರೆಗಿನ ಹಸಿವಿನ ಕಾಲ ಇನ್ನೂ ಪೂರ್ತಿ ತುಂಬಿಲ್ಲ. ನಮ್ಮ ಪೆಟ್ಟಿಗೆಗಳು ಖಾಲಿಯಾದದ್ದು ಆಗಲೇ. ಆ ಹೊತ್ತಿಗೆ ಕಾವಲು ಒಣಗಿರುತ್ತದೆ, ಬೇವು ಹೊಂಗೆಗಳು ಇನ್ನೂ ಹೂ ಬಿಟ್ಟಿರುವುದಿಲ್ಲ. ತೆಂಗಿನ ಹೊಂಬಾಳೆ, ಎಕ್ಕ, ಮನೆಯಂಗಳದ ತುಳಸಿ ಇಷ್ಟೇ ಆಧಾರ. ಕವಳೆ ಗಿಡ ಆ ತಿಂಗಳುಗಳಲ್ಲಿ ಹೂ ಬಿಡುತ್ತದೆಂದು ಬೇಲಿಗೆ ಸಸಿ ನೆಟ್ಟಿದ್ದೇವೆ, ಅದು ಬೆಳೆಯುವುದು ನಿಧಾನ. ನೀಲಗಿರಿ ತೋಪಿನವರ ಮನೆಗೆ ಹೋಗಿ ಮಾತನಾಡಿದ್ದೇನೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿದೆಯಾದರೂ ಕಡಿದ ಬುಡಗಳು ಚಿಗುರುತ್ತಲೇ ಇರುತ್ತವೆ. ಹೂ ಬಿಟ್ಟಾಗ ಅದಕ್ಕೂ ಜೇನು ಬರುತ್ತದೆಂದು ಅವರು ವಾದಿಸುತ್ತಾರೆ, ಅದು ನಿಜವೇ. ಬುಡದಲ್ಲಿ ಬೇರೇನೂ ಬೆಳೆಯದೆಂಬುದನ್ನು ಅವರೂ ಒಪ್ಪುತ್ತಾರೆ. ಸದ್ಯಕ್ಕೆ ತೋಪಿನ ಹೊರ ಅಂಚಿನಲ್ಲಿ ಒಂದು ಮಾರು ಅಗಲ ಬಿಟ್ಟುಕೊಟ್ಟಿದ್ದಾರೆ.

2023ರಲ್ಲಿ ಅದೇ ಅರ್ಧ ಎಕರೆಗೆ ಮತ್ತೆ ಕುಂಬಳ ಹಾಕಿದೆ. ಕೈಯಿಂದ ಸವರುವ ಕೆಲಸ ಬೇಕಾಗಲಿಲ್ಲ. ಉದುರಿದ ಹೀಚುಗಳು ಇರಲಿಲ್ಲವೆಂದಲ್ಲ. ಬಳ್ಳಿ ತನ್ನ ಶಕ್ತಿಗೆ ಮೀರಿದ ಕಾಯನ್ನು ತಾನೇ ಬಿಡುತ್ತದೆ. ಆ ವರ್ಷ ಮಳೆ ಕೈಕೊಟ್ಟು ಕೊಳವೆಬಾವಿಯ ನೀರೇ ಗತಿಯಾಗಿದ್ದರಿಂದ 2019ರೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ ಎಂದು ನನ್ನೊಳಗಿನ ವಿಜ್ಞಾನ ಶಿಕ್ಷಕಿ ಎಚ್ಚರಿಸುತ್ತಾಳೆ. ನೋಟುಪುಸ್ತಕ ಹೇಳುವುದಿಷ್ಟು: ಬರೆಯತೊಡಗಿದ ಹೊಸತರಲ್ಲಿ ಎಂಟು ದಿನದಲ್ಲಿ ಒಂದು ಸಲ ಕಾಣುತ್ತಿದ್ದ ನೀಲಿ ಪಟ್ಟೆಯ ಜೇನು ಈಗ ಮಳೆಗಾಲದಲ್ಲಿ ದಿನವೂ ಕಾಣುತ್ತದೆ, ಮತ್ತು ನಸರಿ ಜೇನಿನ ಒಂದು ಕುಟುಂಬ ನಮ್ಮ ದನದ ಕೊಟ್ಟಿಗೆಯ ಹಳೆಯ ಮಣ್ಣಿನ ಗೋಡೆಗೆ ಬಂದು ಸೇರಿದೆ. ಆ ಗೋಡೆಗೆ ಗಾರೆ ಮಾಡಿಸಿಲ್ಲ.

ಐದರಲ್ಲಿ ನಾಲ್ಕು ಕಡಿತಗಳು ಹೇಗೋ ಕೂಡಿಕೊಂಡಿವೆ. ಉಳಿದಿರುವುದು ಡಾಂಬರು ರಸ್ತೆಯ ಪಕ್ಕದ 160 ಮೀಟರ್. ಆ ಹೊಲವನ್ನು ಕೊಂಡ ಪೇಟೆಯವರು ಬದುವನ್ನು ಮಟ್ಟ ಮಾಡಿ ಕಲ್ಲುಕಂಬ ನಿಲ್ಲಿಸಿ ತಂತಿಜಾಲರಿ ಎಳೆದಿದ್ದಾರೆ. ಬದು ಕೇಳಿದೆ, ಕೊಡಲಿಲ್ಲ. ಜಾಲರಿಯ ಮೇಲೆ ಹೀರೆ ಬಳ್ಳಿ ಹಬ್ಬಿಸಲೇ ಎಂದು ಕೇಳಿದ್ದಕ್ಕೆ, ಕಾಯಿಯಲ್ಲಿ ಅರ್ಧ ತಮಗೆ ಬರಬೇಕೆಂದರು. ಹೀರೆಯ ಹೂವು ಅರಳುವುದು ಸಂಜೆ. ರಾತ್ರಿ ಪತಂಗಗಳೂ ಬೆಳಗಿನ ಜಾವ ಜೇನುಗಳೂ ಅದಕ್ಕೆ ಬರುತ್ತವೆ. ಪುನರ್ವಸು ಮಳೆ ಹಿಡಿದಿದೆ, ಬೀಜ ನೆನೆಹಾಕಿದ್ದೇನೆ.